ದೊಡ್ಡಪ್ಪನ ತೋಟದ ಮನೆಗೆ ಕಟ್ಟಿದ ಫೋನ್ ಎಕ್ಸ್‌ಚೇಂಜ್

ದೊಡ್ಡಪ್ಪನ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಮನೆ ಹಿಂದಿನ ಧರೆ ಹತ್ತಿ ಹಲಸಿನ ಮರದ ಬುಡದಲ್ಲಿ ನಿಲ್ಲಬೇಕು. ಮಳೆಗಾಲದಲ್ಲಿ ಅಲ್ಲೂ ಸಿಗುವುದಿಲ್ಲ. ಹಾಗಾಗಿ ತಾಮ್ರದ ತಂತಿಯ ಲ್ಯಾಂಡ್‌ಲೈನೇ ಇವತ್ತಿಗೂ ಆ ಮನೆಗೆ ಆಧಾರ. ತೊಂದರೆ ಏನೆಂದರೆ ಫೋನು ಇರುವುದು ಜಗುಲಿಯಲ್ಲಿ, ಜನ ಇರುವುದು ತೋಟದಲ್ಲಿ. ಅಡಿಕೆ ಮನೆ ಅಂಗಳದಾಚೆ. ಪಂಪ್‌ಹೌಸು ಹಳ್ಳದ ಬದಿಗೆ, ಸುಮಾರು 300 ಮೀಟರ್ ಕೆಳಗೆ.

"ಗಂಟೆ ಹೊಡ್ಕೊಂಡು ಹೊಡ್ಕೊಂಡು ನಿಂತೋಗತ್ತೆ ಮಾರಾಯ. ನಾನು ಮೇಲೆ ಹತ್ತಿ ಬರೋದ್ರೊಳಗೆ ಮಂಡಿಯವ್ರು ಇಟ್ಬಿಟ್ಟಿರ್ತಾರೆ" ಎಂದು ದೊಡ್ಡಪ್ಪ ಜನವರಿಯಲ್ಲಿ, ಸುಲಿಗೆ ನಡೆಯುತ್ತಿದ್ದಾಗ ಹೇಳಿದರು. ಆಗಲೇ ಇದನ್ನು ಮಾಡಿಯೇ ಬಿಡೋಣ ಅನ್ನಿಸಿತು. ಹೊರಗಿನ ಲೈನು ಒಂದು, ಒಳಗಿನ ಫೋನು ಮೂರು: ಜಗುಲಿ, ಅಡಿಕೆ ಮನೆ, ಪಂಪ್‌ಹೌಸ್. ಹೊರಗಿಂದ ಕರೆ ಬಂದರೆ ಮೂರೂ ಬಾರಿಸಬೇಕು. ಒಳಗೊಳಗೇ ಮಾತಾಡಲು ಬರಬೇಕು. ಯಾರೂ ಎತ್ತದಿದ್ದರೆ ಕರೆ ಮಾಡಿದವರು ಹೇಳಿದ್ದು ರೆಕಾರ್ಡ್ ಆಗಬೇಕು.

ಬರೀ ಗಂಟೆ ಬಾರಿಸಲು ಅಂಗಡಿಯಲ್ಲಿ ಸಿಗುವ ಸಣ್ಣ ಇಂಟರ್‌ಕಾಮ್ ಡಬ್ಬಿ ಸಾಕಿತ್ತು. ನಾನು ಕಂಪ್ಯೂಟರನ್ನೇ ಫೋನ್ ಎಕ್ಸ್‌ಚೇಂಜ್ ಮಾಡುವ ಆಸ್ಟರಿಸ್ಕ್ ಎಂಬ ತಂತ್ರಾಂಶ ಆರಿಸಿಕೊಂಡಿದ್ದಕ್ಕೆ ಎರಡು ಕಾರಣ. ರೆಕಾರ್ಡಿಂಗ್ ಅದರಲ್ಲೇ ಬರುತ್ತದೆ. ಕೆಟ್ಟರೆ ಒಳಗೆ ಏನಾಗಿದೆ ಎಂದು ನೋಡಲು ಬರುತ್ತದೆ. ಎರಡನೆಯದು ನನಗೆ ತುಂಬ ಮುಖ್ಯ. ಮಲೆನಾಡಿನಲ್ಲಿ ಹೊರಗೆ ಎಳೆದ ತಂತಿಗೆ ಕಟ್ಟಿದ ಯಾವ ಯಂತ್ರವೂ ಕೆಡದೇ ಇರುವುದಿಲ್ಲ.

ಕಾರ್ಡು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಡಿಜಿಯಂ ಕಂಪನಿಯ ಟಿಡಿಎಂ400ಪಿ ಕಾರ್ಡು ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಇದು ಹಳೆಯ ಪಿಸಿಐ ಸ್ಲಾಟಿಗೆ ಹಾಕುವ ಕಾರ್ಡು. ಹಿಂಬದಿ ನಾಲ್ಕು ಫೋನ್ ಜ್ಯಾಕ್. ಮೇಲೆ ನಾಲ್ಕು ಪುಟ್ಟ ಮಾಡ್ಯೂಲ್ ಕೂರಿಸುವ ಜಾಗ. ಮಾಡ್ಯೂಲಿನಲ್ಲಿ ಎರಡು ಬಣ್ಣ. ಕೆಂಪು ಮಾಡ್ಯೂಲ್ ಎಫ್‌ಎಕ್ಸ್‌ಓ, ಅಂದರೆ ಎಕ್ಸ್‌ಚೇಂಜಿನಿಂದ ಬರುವ ಲೈನಿಗೆ. ಹಸಿರು ಮಾಡ್ಯೂಲ್ ಎಫ್‌ಎಕ್ಸ್‌ಎಸ್, ಅಂದರೆ ನಮ್ಮ ಫೋನಿಗೆ. ನನಗೆ ಬೇಕಾಗಿದ್ದು ಒಂದು ಕೆಂಪು, ಮೂರು ಹಸಿರು. ಅಂಗಡಿಯವರ ಡಬ್ಬಿಯಲ್ಲಿ ಇನ್ನೊಂದು ಕೆಂಪು ಮಾಡ್ಯೂಲ್ ಬಿಡಿಯಾಗಿ ಬಿದ್ದಿತ್ತು. ಅದನ್ನೂ ತಗೊಂಡೆ. ಅದು ಎಷ್ಟು ಉಪಕಾರಕ್ಕೆ ಬಂತು ಎನ್ನುವುದು ಮುಂದೆ ಬರುತ್ತದೆ.

ಕೆಂಪು, ಹಸಿರು ಅದಲುಬದಲು ಆಗಬಾರದು. ಹಸಿರು ಪೋರ್ಟು ತಾನೇ ಎಕ್ಸ್‌ಚೇಂಜಿನ ಹಾಗೆ ತಂತಿಗೆ 48 ವೋಲ್ಟ್ ಆಸುಪಾಸು ಬಿಡುತ್ತದೆ, ಗಂಟೆ ಬಾರಿಸಲು ಅದಕ್ಕಿಂತ ಜಾಸ್ತಿ ಬಿಡುತ್ತದೆ. ಅದಕ್ಕೆ ಹೊರಗಿನ ಜೀವಂತ ಲೈನನ್ನು ಚುಚ್ಚಿದರೆ ಎರಡೂ ಕಡೆಯ ಕರೆಂಟು ಎದುರುಬದುರಾಗಿ ಮಾಡ್ಯೂಲ್ ಸುಡುತ್ತದೆ. ನಾನು ಕೆಂಪು ಪೋರ್ಟಿನ ಪಕ್ಕ ಪೆಯಿಂಟಿನಲ್ಲಿ ಒಂದು ಕೆಂಪು ಬೊಟ್ಟು ಇಟ್ಟೆ. ಹೊರಗಿನ ಲೈನಿನ ಪ್ಲಗ್ಗಿಗೂ ಒಂದು ಬೊಟ್ಟು ಇಟ್ಟೆ. ಮನೆಯಲ್ಲಿ ನಾನಿಲ್ಲದಾಗ ಯಾರಾದರೂ ಪ್ಲಗ್ ಕಿತ್ತು ಹಾಕಿದರೂ ತಪ್ಪಬಾರದು.

ಹಸಿರು ಮಾಡ್ಯೂಲುಗಳಿಗೆ ಪಿಸಿಐ ಸ್ಲಾಟಿನ ಕರೆಂಟು ಸಾಲದು. ಕಾರ್ಡಿನ ಮೇಲೆ ಹಳೆ ಹಾರ್ಡ್ ಡಿಸ್ಕಿಗೆ ಹಾಕುವ ನಾಲ್ಕು ಪಿನ್ನಿನ ಪವರ್ ಕನೆಕ್ಟರ್ ಇದೆ. ಅದಕ್ಕೆ ಕಂಪ್ಯೂಟರಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್‌ನಿಂದ ವೈರ್ ಕೊಡಲೇಬೇಕು. ನಾನು ಮೊದಲ ಸಲ ಮರೆತಿದ್ದೆ. ಡ್ರೈವರು ಲೋಡ್ ಆಗುವಾಗ ಕರ್ನಲ್ ಲಾಗಿನಲ್ಲಿ, ಹಾರ್ಡ್ ಡಿಸ್ಕಿನ ಪವರ್ ಕೇಬಲ್ ಚುಚ್ಚಲು ನೆನಪಿತ್ತಾ ಎಂದು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಕೇಳಿತು. ಡ್ರೈವರ್ ಬರೆದವರು ಎಷ್ಟು ಜನರ ಫೋನ್ ಕರೆಗೆ ಉತ್ತರ ಕೊಟ್ಟು ಸುಸ್ತಾಗಿ ಆ ಸಾಲು ಸೇರಿಸಿರಬೇಕು! ಲಾಗಿನಲ್ಲಿ ಅಷ್ಟು ನೇರವಾಗಿ ಹೇಳುವ ತಂತ್ರಾಂಶ ಅಂದರೆ ನನಗೆ ಬಹಳ ಪ್ರೀತಿ.

ಹಳೆ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ, ಇಂಥ ಫೋನ್ ಕಾರ್ಡುಗಳನ್ನು ನಡೆಸುವ ಡಾಡಿ ಡ್ರೈವರಿನ 2ನೇ ಸರಣಿ ಹಾಕಿದೆ. ಈ ಕಾರ್ಡಿಗೆ ಬೇಕಾದ ಡಬ್ಲ್ಯೂಸಿಟಿಡಿಎಂ ಡ್ರೈವರ್ ಅದರಲ್ಲಿದೆ. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಆಸ್ಟರಿಸ್ಕ್ ಶುರು ಮಾಡಿದರು. ಜಿಮ್ ಡಿಕ್ಸನ್ ಅವರ ಜಪಾಟಾ ಯೋಜನೆಯಿಂದ ಕಾರ್ಡಿನ ಭಾಗ ಬಂತು. ಆ ಡ್ರೈವರಿಗೆ ಮೊದಲು ಜಪ್‌ಟೆಲ್ ಎಂದು ಹೆಸರಿತ್ತು, 2008ರಲ್ಲಿ ಡಾಡಿ ಎಂದಾಯಿತು. ಹಳೆಯ ಮಾಹಿತಿ ಓದುವಾಗ ಜಪ್‌ಟೆಲ್, ಜಪಾಟಾ ಎಂದು ಕಂಡರೆ ಗಾಬರಿಯಾಗಬೇಡಿ, ಎಲ್ಲ ಒಂದೇ ಮನೆತನ.

ಡಿಕ್ಸನ್ ಅವರ ಮೂಲ ಯೋಚನೆ ತಿಳಿದಿದ್ದರೆ ಮುಂದಿನ ಒಂದು ತೊಂದರೆ ಬೇಗ ಅರ್ಥವಾಗುತ್ತದೆ. ಕಾರ್ಡಿನ ಮೇಲೆ ದುಬಾರಿ ಪ್ರೊಸೆಸರ್ ಇಡುವುದು ಬೇಡ, ಕೆಲಸವನ್ನೆಲ್ಲ ಕಂಪ್ಯೂಟರಿನ ಸಿಪಿಯು ಮಾಡಲಿ ಎನ್ನುವುದು ಅವರ ಯೋಚನೆ. ಅದಕ್ಕೇ ಕಾರ್ಡು ಸೆಕೆಂಡಿಗೆ 1000 ಸಲ ಸಿಪಿಯು ಬಾಗಿಲು ತಟ್ಟುತ್ತದೆ. ಪ್ರತಿ ಸಲ ಪ್ರತಿ ಚಾನಲ್ಲಿನ, ಅಂದರೆ ಪೋರ್ಟಿನ, ಧ್ವನಿಯ 8 ಸ್ಯಾಂಪಲ್ ಕೊಡುತ್ತದೆ, ತಗೊಳ್ಳುತ್ತದೆ. ಸಿಪಿಯು ಒಂದು ಸಲ ತಡ ಮಾಡಿದರೂ ಮಾತಿನಲ್ಲಿ "ಟಿಕ್" ಎನ್ನುತ್ತದೆ. ನನ್ನ ಕಂಪ್ಯೂಟರಿನಲ್ಲಿ ಕಾರ್ಡು ಮತ್ತು ಯುಎಸ್‌ಬಿ ಒಂದೇ ಇಂಟರಪ್ಟ್ ಸಾಲಿನಲ್ಲಿದ್ದವು, ಅಂದರೆ ಎರಡೂ ಒಂದೇ ಬಾಗಿಲು ತಟ್ಟುತ್ತಿದ್ದವು. ಈ ತಟ್ಟುವಿಕೆ ಎಷ್ಟು ಸಮಯಕ್ಕೆ ಸರಿಯಾಗಿದೆ ಎಂದು ನೂರಕ್ಕೆ ಅಂಕ ಕೊಡುವ ಡಾಡಿ ಟೆಸ್ಟ್ ಓಡಿಸಿದರೆ ಅಂಕ 98ರ ಸುತ್ತ ಓಲಾಡುತ್ತಿತ್ತು. ಕಾರ್ಡನ್ನು ಪಕ್ಕದ ಸ್ಲಾಟಿಗೆ ಬದಲಾಯಿಸಿದೆ, ಬಯಾಸ್‌ನಲ್ಲಿ ಬೇಡದ ಸೌಂಡ್ ಕಾರ್ಡು, ಸೀರಿಯಲ್ ಪೋರ್ಟು ಎಲ್ಲ ಆಫ್ ಮಾಡಿದೆ. 99.9 ದಾಟಿತು. ಅಲ್ಲಿಗೆ ಆ ಟಿಕ್ ಟಿಕ್ ನಿಂತಿತು.

ಮೊದಲು ತಂತಿ, ಆಮೇಲೆ ಫೈಲು

ಸೆಟ್ಟಿಂಗ್ ಬರೆಯುವ ಮುಂಚೆ ಲೈನನ್ನೇ ಅಳೆದುಬಿಡಿ. ನಾನು ಮಾಡಿದ ಕೆಲಸಗಳಲ್ಲಿ ಹೆಚ್ಚು ಸಮಯ ಉಳಿಸಿದ್ದು ಇದೇ. ಫೋನ್ ತಂತಿ ಬಂದು ಸೇರುವ ಗೋಡೆಯ ಡಬ್ಬಿ, ಅಂದರೆ ರೋಸೆಟ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ಫೋನು ಇಟ್ಟಿರುವಾಗ 49 ವೋಲ್ಟ್, ಎತ್ತಿದಾಗ 8 ವೋಲ್ಟ್. ಆರೋಗ್ಯವಾಗಿದೆ. ಮಾರನೇ ದಿನ ಸಂಜೆ ಒಂದು ಹನಿ ಮಳೆ ಬಿತ್ತು, ಮತ್ತೆ ಅಳೆದೆ. ಇಟ್ಟಿರುವಾಗಲೇ ವೋಲ್ಟೇಜ್ ಕೆಳಗಿಳಿದಿತ್ತು, ಫೋನ್ ಎತ್ತಿದರೆ ಕರಕರ ಸದ್ದು. ಕಂಬದಿಂದ ಮನೆಗೆ ಬರುವ ತಂತಿಯಲ್ಲಿ, ಸಂಪಿಗೆ ಮರದ ಕೆಳಗೆ, ಯಾವ ಕಾಲದಲ್ಲೋ ಟೇಪು ಸುತ್ತಿದ ಒಂದು ಜಾಯಿಂಟ್ ಇತ್ತು. ಟೇಪ್ ಬಿಚ್ಚಿದರೆ ತಾಮ್ರ ಹಸಿರುಗಟ್ಟಿ ಪುಡಿಯಾಗುತ್ತಿತ್ತು. ಲೈನ್‌ಮನ್ ಬಂದು ಅಷ್ಟನ್ನೂ ಕತ್ತರಿಸಿ, ನೀರು ಇಳಿಯದಂತೆ ಅಂಟು ಜೆಲ್ಲಿ ತುಂಬಿದ ಕನೆಕ್ಟರಿನಲ್ಲಿ ಹೊಸ ಜಾಯಿಂಟ್ ಹಾಕಿಕೊಟ್ಟರು. ಆ ಜಾಯಿಂಟ್ ಹಾಗೇ ಬಿಟ್ಟಿದ್ದರೆ ನಾನು ವಾರಗಟ್ಟಲೆ ಎಕೋ (ಮಾತಿನ ಪ್ರತಿಧ್ವನಿ) ಸೆಟ್ಟಿಂಗಿನಲ್ಲಿ ಒದ್ದಾಡುತ್ತಿದ್ದೆ, ಅಲ್ವಾ?

ಪಂಪ್‌ಹೌಸಿಗೆ ಜೆಲ್ಲಿ ಕೇಬಲ್ ಎಳೆದೆವು. ಅರ್ಧ ಮಿಲಿಮೀಟರ್ ತಾಮ್ರದ ಜೋಡಿ, ಕಾಲುವೆ ಬದಿಯಲ್ಲಿ ಒಂದೂವರೆ ಅಡಿ ಆಳಕ್ಕೆ ಹೂತು. ಆ ಕಡೆ ತುದಿಯ ಎರಡೂ ತಂತಿ ಕೂಡಿಸಿ ಈ ಕಡೆಯಿಂದ ಅಳೆದರೆ ಸುಮಾರು 50 ಓಮ್ ಬಂತು. ಲೆಕ್ಕಕ್ಕೆ ಸರಿಹೊಂದಿತು. ಅಂದರೆ ಮಧ್ಯೆ ಎಲ್ಲೂ ಪೆಟ್ಟಾಗಿಲ್ಲ.

ಈಗ ಫೈಲು. ಇಲ್ಲಿ ಹೊಸಬರೆಲ್ಲ ಎಡವುವ ಜಾಗ ಒಂದಿದೆ. ಡಾಡಿಯ ಸಿಸ್ಟಮ್ ಡಾಟ್ ಕಾನ್ಫ್ ಫೈಲಿನಲ್ಲಿ ಎಫ್‌ಎಕ್ಸ್‌ಓ ಪೋರ್ಟಿಗೆ ಎಫ್‌ಎಕ್ಸ್‌ಎಸ್ ಸಿಗ್ನಲಿಂಗ್ ಬರೆಯಬೇಕು, ಎಫ್‌ಎಕ್ಸ್‌ಎಸ್ ಪೋರ್ಟಿಗೆ ಎಫ್‌ಎಕ್ಸ್‌ಓ ಸಿಗ್ನಲಿಂಗ್. ಉಲ್ಟಾ ಅನ್ನಿಸುತ್ತದೆ. ಪೋರ್ಟಿನ ಹೆಸರು ಅದು ಯಾವ ಪಾತ್ರ ಮಾಡುತ್ತದೆ ಎಂದು ಹೇಳುತ್ತದೆ, ಸಿಗ್ನಲಿಂಗ್ ಹೆಸರು ಅದು ಎದುರಿಗಿರುವವರ ಜೊತೆ ಯಾವ ಭಾಷೆ ಆಡಬೇಕು ಎಂದು ಹೇಳುತ್ತದೆ. ಕೆಂಪು ಪೋರ್ಟು ಫೋನಿನ ಪಾತ್ರದಲ್ಲಿದೆ, ಅದರ ಎದುರಿಗಿರುವುದು ಎಕ್ಸ್‌ಚೇಂಜು. ಹಾಗಾಗಿ ಒಂದನೇ ಚಾನಲ್ಲಿಗೆ ಎಫ್‌ಎಕ್ಸ್‌ಎಸ್‌ಕೆಎಸ್, ಎರಡರಿಂದ ನಾಲ್ಕಕ್ಕೆ ಎಫ್‌ಎಕ್ಸ್‌ಓಕೆಎಸ್. ಕೊನೆಯ ಕೆಎಸ್ ಅಂದರೆ ಕ್ಯೂಲ್ ಸ್ಟಾರ್ಟ್, ಫೋನ್ ಎತ್ತಿದ್ದು ಇಟ್ಟಿದ್ದು ತಿಳಿಸುವ ಒಂದು ರೀತಿ. ನಾಲ್ಕೂ ಚಾನಲ್ಲಿಗೆ ಎಕೋ ಅಳಿಸುವ ಎಂಜಿ2 ಎಕೋ ಕ್ಯಾನ್ಸಲರ್ ಹಾಕಿದೆ. ಡ್ರೈವರಿನ ಆಪರ್‌ಮೋಡ್ ಎಂಬ ಆಯ್ಕೆಗೆ ಇಂಡಿಯಾ ಎಂದು ಕೊಟ್ಟೆ. ಕೆಂಪು ಮಾಡ್ಯೂಲಿನ ಚಿಪ್ಪು ಆಯಾ ದೇಶದ ಲೈನಿಗೆ ಹೊಂದಿಕೊಳ್ಳುವುದು ಆ ಆಯ್ಕೆಯಿಂದ.

ಯಾವ ದೇಶದ ಟೋನು ಬೇಕು ಎಂದು ಹೇಳುವ ಲೋಡ್ ಝೋನ್ ಎಂಬ ಸಾಲನ್ನು ಮೊದಲು ನಾನು ಗಮನಿಸಲಿಲ್ಲ. ಅದು ಅಮೆರಿಕಕ್ಕೆ ಇತ್ತು. ದೊಡ್ಡಮ್ಮ ಅಡಿಕೆ ಮನೆಯ ಫೋನ್ ಎತ್ತಿ ಕಿವಿಗಿಟ್ಟುಕೊಂಡವರು ಕೂಡಲೇ ಇಟ್ಟರು. "ಇದು ನಮ್ಮ ಫೋನ್ ಅಲ್ವೋ, ಎಂಥದೋ ಊಳಿಡತ್ತೆ" ಎಂದರು. ಅವರ ಕಿವಿ ಸರಿ. ನಮ್ಮ ಡಯಲ್ ಟೋನು 400 ಹರ್ಟ್ಝ್ ಸ್ವರ, ಅದನ್ನು 25 ಹರ್ಟ್ಝ್ ಅಲುಗಾಡಿಸುತ್ತದೆ. ಅದಕ್ಕೇ ಅದು ಗುರ್ರ್ ಎನ್ನುವುದು. ಅಮೆರಿಕದ್ದು ಬೇರೆಯೇ ಎರಡು ಸ್ವರದ ಜೋಡಿ. ಸಿಸ್ಟಮ್ ಫೈಲಿನ ಲೋಡ್ ಝೋನಿನಲ್ಲೂ ಆಸ್ಟರಿಸ್ಕಿನ ಇಂಡಿಕೇಶನ್ಸ್ ಫೈಲಿನಲ್ಲೂ ದೇಶವನ್ನು 'ಐಎನ್' ಎಂದು ಬದಲಾಯಿಸಿದೆ. ಗಂಟೆಯ ಲಯವೂ ಅದರ ಜೊತೆಗೇ ಬಂತು: 400 ಮಿಲಿಸೆಕೆಂಡ್ ಬಾರಿಸು, 200 ಸುಮ್ಮನಿರು, ಮತ್ತೆ 400 ಬಾರಿಸು, 2 ಸೆಕೆಂಡ್ ಸುಮ್ಮನಿರು. ಟ್ರಿಣ್ ಟ್ರಿಣ್, ಆಮೇಲೆ ನಿಶ್ಶಬ್ದ. ದೊಡ್ಡಮ್ಮ ಮತ್ತೆ ಎತ್ತಿ ಕೇಳಿ ತಲೆಯಾಡಿಸಿದರು.

ಪಂಪ್‌ಹೌಸಿಗೆ ಹಾಕಿದ್ದು ಅಟ್ಟದ ಮೇಲಿದ್ದ ತಿರುಗಿಸುವ ಡಯಲ್ಲಿನ ಐಟಿಐ ಫೋನು. ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ 1948ರಲ್ಲಿ ಶುರುವಾಯಿತು. ಅವರ ಫೋನನ್ನು ತೂಕ ಮಾಡಿದರೇ ಗಟ್ಟಿ ಎಂದು ತಿಳಿಯುತ್ತದೆ. ಪಂಪ್ ಓಡುವ ಸದ್ದಿನ ನಡುವೆ ಕೇಳಲು ನಿಜವಾದ ಲೋಹದ ಗಂಟೆಯೇ ಬೇಕು. ಡಯಲ್ ತಿರುಗಿಸಿದರೆ ಅದು ತಂತಿಯನ್ನು ಸೆಕೆಂಡಿಗೆ 10 ಸಲದ ವೇಗದಲ್ಲಿ ಕಡಿದು ಕೂಡಿಸುತ್ತದೆ. 3 ಅಂದರೆ ಮೂರು ಸಲ, 0 ಅಂದರೆ ಹತ್ತು ಸಲ. ಹಸಿರು ಮಾಡ್ಯೂಲ್ ಅದನ್ನು ಎಣಿಸಿ ಅಂಕಿ ಮಾಡಿಕೊಳ್ಳುತ್ತದೆ, ಬೇರೆ ಏನೂ ಸೇರಿಸಬೇಕಾಗಿಲ್ಲ. ಗಂಟೆ ಮಾತ್ರ ಮೊದಲು ಸೋತಂತೆ ಬಾರಿಸಿತು. ಡ್ರೈವರಿನಲ್ಲಿ ಬೂಸ್ಟ್ ರಿಂಗರ್ ಎಂಬ ಆಯ್ಕೆ ಇದೆ, ಗಂಟೆಯ ವೋಲ್ಟೇಜ್ ಹೆಚ್ಚಿಸುತ್ತದೆ. ಅದನ್ನು ಹಾಕಿದ ಮೇಲೆ ಹಳ್ಳದಾಚೆಗೂ ಕೇಳಿಸಿತು. ತಿರುಗಿಸುವ ಡಯಲ್ ಇದೆ ಎಂದೇ ಒಳಗಿನ ನಂಬರುಗಳನ್ನು 11, 12, 21 ಎಂದು ಇಟ್ಟೆ. ಒದ್ದೆ ಕೈಯಲ್ಲಿ 9, 0 ತಿರುಗಿಸುತ್ತಾ ನಿಲ್ಲುವುದು ಯಾರಿಗೂ ಬೇಡ.

ಕಾಲರ್ ಐಡಿ

ಯಾರು ಕರೆ ಮಾಡಿದರು ಎಂದು ಗೊತ್ತಾಗದಿದ್ದರೆ ರೆಕಾರ್ಡಿಂಗ್ ಅರ್ಧ ಉಪಯೋಗ. ಆಸ್ಟರಿಸ್ಕ್ ತಾನಾಗಿ ನಿರೀಕ್ಷಿಸುವುದು ಅಮೆರಿಕದ ರೀತಿ: ಮೊದಲ ಗಂಟೆ ಆದ ಮೇಲೆ ಮೋಡೆಮ್ಮಿನ ಹಾಗೆ ನಂಬರ್ ಬರುತ್ತದೆ ಎಂದು. ನಮ್ಮ ಲೈನಿನಲ್ಲಿ ಏನೂ ಬರಲಿಲ್ಲ. ಲೈನ್‌ಮನ್ ತಮ್ಮ ಟೆಸ್ಟ್ ಫೋನನ್ನು ಬರೀ ಕೇಳುವ ಸ್ಥಿತಿಯಲ್ಲಿಟ್ಟು ತಂತಿಗೆ ಕ್ಲಿಪ್ ಹಾಕಿದರು. ನಾನು ಹಲಸಿನ ಮರದ ಬುಡದಿಂದ ಮೊಬೈಲಿನಲ್ಲಿ ಕರೆ ಮಾಡಿದೆ. ಇಳಿದು ಬಂದಾಗ ಅವರು ಹೇಳಿದ್ದು: "ಗಂಟೆಗಿಂತ ಮುಂಚೆ ಟಿಣಿ ಟಿಣಿ ಅಂತ ಬೇಗ ಬೇಗ ಹೊಡೀತು ನೋಡಿ." ಅಷ್ಟರಲ್ಲೇ ಉತ್ತರ ಇತ್ತು. ಎಕ್ಸ್‌ಚೇಂಜು ಮೊದಲು ತಂತಿಯ ಪೊಲಾರಿಟಿ, ಅಂದರೆ ಪ್ಲಸ್ ಮೈನಸ್, ತಿರುಗಿಸುತ್ತದೆ, ಆಮೇಲೆ ಬಟನ್ ಒತ್ತಿದಾಗಿನ ಸ್ವರಗಳಲ್ಲೇ ನಂಬರ್ ಹೇಳುತ್ತದೆ, ಆಮೇಲೆ ಗಂಟೆ. ಆಸ್ಟರಿಸ್ಕಿನ ಚಾನ್ ಡಾಡಿ ಫೈಲಿನಲ್ಲಿ ಸಿಐಡಿ (ಕಾಲರ್ ಐಡಿ) ಸಿಗ್ನಲಿಂಗ್ ಎಂಬಲ್ಲಿ ಡಿಟಿಎಂಎಫ್, ಅಂದರೆ ಆ ಬಟನ್ ಸ್ವರಗಳು, ಸಿಐಡಿ ಸ್ಟಾರ್ಟ್ ಎಂಬಲ್ಲಿ ಪೊಲಾರಿಟಿ ಅಂಡರ್‌ಸ್ಕೋರ್ ಐಎನ್. ಆ ಐಎನ್ ಅಂದರೆ ಇಂಡಿಯಾನೇ. ಯಾರೋ ನಮ್ಮ ಲೈನನ್ನು ಕೂತು ಕೇಳಿ, ನಮಗೆಂದೇ ಆ ಆಯ್ಕೆಯನ್ನು ಸೇರಿಸಿದ್ದಾರೆ. ನಿಮ್ಮ ಊರಿನ ಎಕ್ಸ್‌ಚೇಂಜು ಬೇರೆ ರೀತಿ ಕೊಡಬಹುದು, ಅದಕ್ಕೆ ಮೊದಲು ಕೇಳಿಸಿಕೊಳ್ಳಿ.

ಇಟ್ಟರೂ ಇಡದ ಫೋನು

ಎಲ್ಲಕ್ಕಿಂತ ಹೆಚ್ಚು ದಿನ ತಿಂದಿದ್ದು ಇದು. ಮೊದಲ ವಾರದ ಒಂದು ಮಧ್ಯಾಹ್ನ ದೊಡ್ಡಪ್ಪ ಹಲಸಿನ ಮರದ ಹತ್ತಿರ ಹೋಗಿ ಕರೆ ಮಾಡಿದರು. "ಬೆಳಗಿನಿಂದ ಯಾರು ಮಾಡಿದ್ರೂ ಎಂಗೇಜ್ ಬರ್ತಿದೆಯಂತೆ." ನಾನು ಹೋಗಿ ನೋಡಿದರೆ ಬೆಳಗ್ಗೆ ಎಂಟಕ್ಕೆ ಬಂದ ಕರೆಯನ್ನು ರೆಕಾರ್ಡರ್ ಎತ್ತಿದೆ, ಇನ್ನೂ ಬಿಟ್ಟಿಲ್ಲ. ಫೈಲ್ ತೆರೆದು ಕೇಳಿದೆ. ಹತ್ತು ಸೆಕೆಂಡ್ ಮಂಡಿ ಗುಮಾಸ್ತರ ಧ್ವನಿ, ಆಮೇಲೆ ನಾಲ್ಕು ಗಂಟೆ ಬರೀ ಪೀಂ... ಪೀಂ... ಪೀಂ.

ಅನಲಾಗ್ ಲೈನಿನಲ್ಲಿ ಆ ಕಡೆಯವರು ಫೋನ್ ಇಟ್ಟರು ಎಂದು ಸ್ಪಷ್ಟವಾಗಿ ಹೇಳುವ ಸಂದೇಶ ಪ್ರತಿ ಲೈನಿಗೂ ಇರುವುದಿಲ್ಲ. ಕೆಲವು ಲೈನಿನಲ್ಲಿ ಆಗ ಪೊಲಾರಿಟಿ ತಿರುಗುತ್ತದೆ, ಕೆಲವರಲ್ಲಿ ಕರೆಂಟು ಒಂದು ಕ್ಷಣ ಕಡಿಯುತ್ತದೆ. ನಮ್ಮಲ್ಲಿ ಎರಡೂ ಇಲ್ಲ ಎಂದು ಮೀಟರ್ ಹಿಡಿದು ನೋಡಿ ಖಚಿತ ಮಾಡಿಕೊಂಡೆ. ಬರುವುದು ಟೋನ್ ಮಾತ್ರ. ಮನುಷ್ಯರು ಅದನ್ನು ಕೇಳಿ ಫೋನ್ ಇಡುತ್ತಾರೆ. ಆಸ್ಟರಿಸ್ಕಿಗೆ ಅದು ಇನ್ನೊಂದು ಶಬ್ದ ಅಷ್ಟೇ. ಮೌನವಾದರೆ ರೆಕಾರ್ಡಿಂಗ್ ನಿಲ್ಲಿಸು ಎಂದು ಬರೆದಿದ್ದೆ, ಆದರೆ ಟೋನು ಮೌನವಲ್ಲವಲ್ಲ.

ಎಂಗೇಜ್ ಟೋನನ್ನು ಗುರುತಿಸಿ ಲೈನ್ ಬಿಡುವ ಬಿಜಿ ಡಿಟೆಕ್ಟ್ ಎಂಬ ಆಯ್ಕೆ ಆನ್ ಮಾಡಿದೆ. ಬೇಗ ಹಿಡಿಯಲಿ ಎಂದು, ಟೋನು ಎಷ್ಟು ಸಲ ಬಂದರೆ ನಂಬಬೇಕು ಎನ್ನುವ ಬಿಜಿ ಕೌಂಟನ್ನು 2ಕ್ಕೆ ಇಟ್ಟೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಮಂಡಿಯಿಂದ ರೇಟು ಹೇಳುತ್ತಿದ್ದಾಗ ಕರೆ ಕಡಿಯಿತು. ಮತ್ತೆ ಮಾಡಿದರು, ಅದೇ ಜಾಗದಲ್ಲಿ ಮತ್ತೆ ಕಡಿಯಿತು. ಕರೆಯ ರೆಕಾರ್ಡಿಂಗ್ ಹಾಕಿ ಕೇಳಿದಾಗ ಕಾರಣ ಕಿವಿಗೇ ಸಿಕ್ಕಿತು. ಗುಮಾಸ್ತರು ನಿಧಾನವಾಗಿ, ಒಂದೇ ಅಳತೆಯಲ್ಲಿ ಓದುತ್ತಾರೆ: "ಸರಕು... ಬೆಟ್ಟೆ... ರಾಶಿ... ಗೊರಬಲು..." ಒಂದು ಮಾತು, ಅಷ್ಟೇ ಉದ್ದದ ಬಿಡುವು, ಮತ್ತೊಂದು ಮಾತು. ಸದ್ದು, ಮೌನ, ಸದ್ದು, ಮೌನ, ಎಲ್ಲ ಸಮ ಸಮ. ಎರಡೇ ಸಲ ಎಣಿಸಿ ನಿರ್ಧಾರ ಮಾಡು ಎಂದು ನಾನು ಹೇಳಿದ್ದರಿಂದ ಆಸ್ಟರಿಸ್ಕ್ ಅದನ್ನು ಎಂಗೇಜ್ ಟೋನ್ ಎಂದುಕೊಂಡಿತು.

ಹಾಗಾದರೆ ನಮ್ಮ ಲೈನಿನ ಟೋನಿನ ಅಳತೆ ಎಷ್ಟು? ಆ ನಾಲ್ಕು ಗಂಟೆಯ ಫೈಲ್ ಅಳಿಸಿರಲಿಲ್ಲ, ಒಳ್ಳೆಯದಾಯಿತು. ಅದನ್ನು ಧ್ವನಿಯನ್ನು ಚಿತ್ರವಾಗಿ ತೋರಿಸುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ತೆರೆದು ಹಿಗ್ಗಿಸಿದೆ. ಪರದೆಯ ಮೇಲೆ ಬೇಲಿ ಗೂಟದ ಹಾಗೆ ಸಾಲಾಗಿ ನಿಂತಿದ್ದವು. ಒಂದು ಗೂಟದ ಅಗಲ ಆರಿಸಿ ನೋಡಿದೆ, 0.75 ಸೆಕೆಂಡ್. ನಡುವಿನ ಬಿಡುವೂ 0.75. ಹತ್ತಾರು ಕಡೆ ಅಳೆದೆ, ಹೆಚ್ಚು ಕಡಿಮೆ ಇಲ್ಲ. ಭಾರತದ ಎಂಗೇಜ್ ಟೋನಿಗೆ ಆಸ್ಟರಿಸ್ಕಿನ ಪಟ್ಟಿಯಲ್ಲಿರುವುದೂ ಅದೇ, 400 ಹರ್ಟ್ಝ್, 750 ಆನ್, 750 ಆಫ್. ಬಿಜಿ ಪ್ಯಾಟರ್ನ್ ಎಂಬ ಸಾಲಿನಲ್ಲಿ 750, 750 ಎಂದು ಬರೆದೆ. ಕೌಂಟನ್ನು 4ಕ್ಕೆ ಏರಿಸಿದೆ. ಈಗ ಆ ಕಡೆಯವರು ಇಟ್ಟ ಮೇಲೆ ಆರು ಸೆಕೆಂಡಿನ ಸುಮಾರಿಗೆ ಲೈನ್ ಬಿಡುತ್ತದೆ. ಗುಮಾಸ್ತರು ಎಷ್ಟೇ ನಿಧಾನ ಓದಿದರೂ ಕಡಿಯುವುದಿಲ್ಲ. ರೆಕಾರ್ಡಿಂಗಿಗೂ ಮೂರು ನಿಮಿಷದ ಮಿತಿ ಹಾಕಿದೆ, ಒಂದು ತಪ್ಪಿದರೆ ಇನ್ನೊಂದು ಹಿಡಿಯಲಿ ಎಂದು.

ಎಕೋ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮಾತು ಸಣ್ಣಗೆ ಕೇಳುತ್ತದೆ ಎಂದು ನಾನು ಮೊದಲು ಒಳಬರುವ ಧ್ವನಿಯನ್ನು ದೊಡ್ಡದು ಮಾಡುವ ಆರ್‌ಎಕ್ಸ್ ಗೇನ್ ಏರಿಸಿದೆ. ಎಕೋನೂ ಅಷ್ಟೇ ಏರಿತು. ಗೇನನ್ನು ಸೊನ್ನೆಗೆ ತಂದು ಎಫ್‌ಎಕ್ಸ್‌ಓ ಟ್ಯೂನ್ ಎಂಬ ಸಲಕರಣೆ ಓಡಿಸಿದೆ. ಆಸ್ಟರಿಸ್ಕ್ ನಿಲ್ಲಿಸಿರಬೇಕು. ಅದು ತಾನೇ ಲೈನ್ ಎತ್ತಿ, ಒಂದು ಅಂಕಿ ಒತ್ತಿ ಡಯಲ್ ಟೋನ್ ನಿಲ್ಲಿಸಿ, ಪರೀಕ್ಷೆಯ ಸ್ವರ ಬಿಟ್ಟು, ಎಷ್ಟು ವಾಪಸ್ ಬರುತ್ತದೆ ಎಂದು ಒಂದೊಂದೇ ಹೊಂದಾಣಿಕೆಯಲ್ಲಿ ಅಳೆಯುತ್ತದೆ. ಕಾಫಿ ಕುಡಿದು ಬರುವಷ್ಟು ಹೊತ್ತು. ಕೊನೆಗೆ ಸಿಕ್ಕ ಅಂಕಿಗಳನ್ನು ಫೈಲಿಗೆ ಬರೆಯುತ್ತದೆ. ಕಂಪ್ಯೂಟರ್ ಆನ್ ಆದಾಗಲೆಲ್ಲ, ಆಸ್ಟರಿಸ್ಕ್ ಏಳುವ ಮುಂಚೆ, ಆ ಅಂಕಿಗಳನ್ನು ಕಾರ್ಡಿಗೆ ತುಂಬಿಸುವ ಸಾಲನ್ನು ಸ್ಟಾರ್ಟಪ್ಪಿನಲ್ಲಿ ಸೇರಿಸಬೇಕು. ಇದನ್ನು ಬಿಟ್ಟರೆ ಕರೆಂಟು ಹೋಗಿ ಬಂದ ಮೇಲೆ ಎಕೋ ವಾಪಸ್ ಬರುತ್ತದೆ.

ಯಾವ ಕರೆ ಎಲ್ಲಿಗೆ ಹೋಗಬೇಕು ಎಂದು ಬರೆಯುವ ಡಯಲ್ ಪ್ಲಾನಿನಲ್ಲಿ ಹೆಚ್ಚೇನಿಲ್ಲ. ಹೊರಗಿಂದ ಬಂದ ಕರೆ 25 ಸೆಕೆಂಡ್ ಮೂರೂ ಫೋನಿನಲ್ಲಿ ಬಾರಿಸುತ್ತದೆ, ಆಮೇಲೆ ರೆಕಾರ್ಡರ್. ಒಳಗಿನ ಕರೆಗೆ ಗಂಟೆಯ ಲಯ ಬೇರೆ, ಹಾಗಾಗಿ ಎತ್ತುವ ಮುಂಚೆಯೇ ಗೊತ್ತಾಗುತ್ತದೆ. ಹೊರಗೆ ಮಾಡಲು 9 ಒತ್ತಿ ನಂಬರ್. ಡಯಲ್ ಪ್ಲಾನಿನಲ್ಲಿ ಹೊರಗಿನ ಕರೆ ಬಂದು ಇಳಿಯುವ ಭಾಗದಲ್ಲಿ (ಕಾಂಟೆಕ್ಸ್ಟ್) ಮತ್ತೆ ಹೊರಗೆ ಹೋಗುವ ದಾರಿ ಇಟ್ಟಿಲ್ಲ, ನೀವೂ ಇಡಬೇಡಿ. ಈ ಲೈನನ್ನು ಇಂಟರ್ನೆಟ್ ಕರೆಗಳ ಜೊತೆ ಜೋಡಿಸಿಯೂ ಇಲ್ಲ. ಆ ರೀತಿ ಟೋಲ್, ಅಂದರೆ ಕರೆಯ ಶುಲ್ಕ, ತಪ್ಪಿಸಿ ಕರೆ ದಾಟಿಸುವುದು ನಮ್ಮಲ್ಲಿ ಕಾನೂನಿಗೆ ವಿರುದ್ಧ.

ಭರಣಿ ಮಳೆ

ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ ಹುಟ್ಟಿದ ಮೂರನೇ ಸಂಜೆ ಸಿಡಿಲು ಬಿತ್ತು. ಮನೆಗಲ್ಲ, ಗುಡ್ಡದ ಮೇಲೆಲ್ಲೋ. ಮಲೆನಾಡಿನ ಮನೆಗಳಲ್ಲಿ ಗುಡುಗು ಕೇಳಿದ ಕೂಡಲೇ ಟಿವಿ ವೈರು, ಫೋನ್ ವೈರು ಕೀಳುವುದು ಚಿಕ್ಕ ಮಕ್ಕಳಿಗೂ ಗೊತ್ತು. ಅವತ್ತು ಎಲ್ಲರೂ ಅಂಗಳದಲ್ಲಿ ಒಣಹಾಕಿದ್ದ ಅಡಿಕೆ ಒಳಗೆ ಹಾಕುವುದರಲ್ಲಿದ್ದರು. ಲೈನು ಕಾರ್ಡಿನಲ್ಲೇ ಉಳಿಯಿತು.

ಮರುದಿನ ಡಾಡಿ ಪಟ್ಟಿಯಲ್ಲಿ ಒಂದನೇ ಚಾನಲ್ಲಿನ ಎದುರು ರೆಡ್ ಎಂದು ಬಂದಿತ್ತು. ಅಂದರೆ ತಂತಿಯಲ್ಲಿ ವೋಲ್ಟೇಜ್ ಇಲ್ಲ ಎಂದು ಮಾಡ್ಯೂಲ್ ಹೇಳುತ್ತಿದೆ. ರೋಸೆಟ್ಟಿನಲ್ಲಿ ಅಳೆದರೆ 49 ವೋಲ್ಟ್ ಸರಿಯಾಗಿಯೇ ಇದೆ. ತಂತಿ ಬದುಕಿದೆ, ಮಾಡ್ಯೂಲ್ ಸತ್ತಿದೆ. ಕಂಪ್ಯೂಟರ್ ಆಫ್ ಮಾಡಿ ಕೆಂಪು ಮಾಡ್ಯೂಲ್ ಕಿತ್ತು ಬೆಳಕಿಗೆ ಹಿಡಿದೆ. ಜ್ಯಾಕಿನ ಕಡೆಯ ಸಣ್ಣ ಬಿಡಿಭಾಗವೊಂದು ಹೊಟ್ಟೆ ಒಡೆದುಕೊಂಡು, ಸುತ್ತಲಿನ ಹಲಗೆ ಕಂದು ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ಹಸಿರು ಮೂರೂ ಚೆನ್ನಾಗಿದ್ದವು, ಕಾರ್ಡೂ ಚೆನ್ನಾಗಿತ್ತು. ಎಸ್.ಪಿ. ರೋಡಿನಿಂದ ತಂದ ಎರಡನೇ ಕೆಂಪು ಮಾಡ್ಯೂಲ್ ಕೂರಿಸಿದೆ. ಮಾಡ್ಯೂಲ್ ಬದಲಾದ್ದರಿಂದ ಎಫ್‌ಎಕ್ಸ್‌ಓ ಟ್ಯೂನನ್ನು ಮತ್ತೆ ಓಡಿಸಿದೆ. ಅರ್ಧ ದಿನದಲ್ಲಿ ಲೈನು ವಾಪಸ್.

ರಕ್ಷಣೆ ಹಾಕದೇ ಮುಂದೆ ಹೋಗಲು ಮನಸ್ಸು ಒಪ್ಪಲಿಲ್ಲ. ತಂತಿ ಮನೆ ಒಳಗೆ ಬರುವ ಜಾಗದಲ್ಲಿ ವೋಲ್ಟೇಜ್ ಮಿತಿ ಮೀರಿದರೆ ಅದನ್ನು ನೆಲಕ್ಕೆ ಹರಿಸುವ, ಮೂರು ಕಾಲಿನ ಗ್ಯಾಸ್ ಅರೆಸ್ಟರ್ ಹಾಕಿದೆ. ಎರಡು ಕಾಲು ಲೈನಿನ ಎರಡು ತಂತಿಗೆ, ಮಧ್ಯದ್ದು ಅರ್ಥಿಗೆ. ಎಷ್ಟು ವೋಲ್ಟಿನದು ಬೇಕು ಎಂದು ಲೆಕ್ಕ ಹಾಕಿದೆ. ಗಂಟೆ ಬಾರಿಸುವಾಗ ಸುಮಾರು 75 ವೋಲ್ಟ್ ಎಸಿ, ಅದರ ತುದಿ 106 ವೋಲ್ಟ್. ಅದರ ಮೇಲೆ ಲೈನಿನ 48 ಸೇರಿದರೆ 154. ಅದಕ್ಕಿಂತ ಕಡಿಮೆಯದು ಹಾಕಿದರೆ ಪ್ರತಿ ಗಂಟೆಗೂ ಅರೆಸ್ಟರ್ ಹೊತ್ತಿಕೊಳ್ಳುತ್ತದೆ. 230 ವೋಲ್ಟಿನದು ಹಾಕಿದೆ. ಅದರ ನಂತರ ಎರಡೂ ತಂತಿಗೆ ಸಣ್ಣ ಫ್ಯೂಸ್. ಅರ್ಥ್ ಮಾತ್ರ ಮನೆಯ ಮೇನ್ ಬೋರ್ಡಿನ ಅರ್ಥಿಗೇ ಕೊಟ್ಟೆ. ಫೋನಿಗೆ ಒಂದು ಗುಂಡಿ, ಕರೆಂಟಿಗೆ ಒಂದು ಗುಂಡಿ ಎಂದು ಬೇರೆ ಬೇರೆ ಮಾಡಿದರೆ ಸಿಡಿಲಿನ ಹೊತ್ತಿಗೆ ಎರಡರ ನಡುವೆ ಸಾವಿರಾರು ವೋಲ್ಟ್ ಏರುತ್ತದೆ, ಅದು ಹರಿದುಹೋಗುವ ದಾರಿ ನಮ್ಮ ಕಾರ್ಡೇ ಆಗುತ್ತದೆ. ಪಂಪ್‌ಹೌಸಿನ ಕೇಬಲ್ಲಿಗೂ ಎರಡೂ ತುದಿಯಲ್ಲಿ ಇದನ್ನೇ ಮಾಡಿದೆ. ಹಸಿರು ಪೋರ್ಟು ಮನೆಯೊಳಗಿನ ಫೋನಿಗೆಂದು ಮಾಡಿದ್ದು, ಬಯಲಿನಲ್ಲಿ 300 ಮೀಟರ್ ಓಡುವ ತಂತಿಗಲ್ಲ. ಇಷ್ಟೆಲ್ಲ ಇದ್ದರೂ ಗುಡುಗಿದರೆ ವೈರ್ ಕೀಳಿ ಎಂದೇ ಹೇಳಿದ್ದೇನೆ.

ಇನ್ನೊಂದು ಚಿಂತೆ ಉಳಿದಿತ್ತು. ನಮ್ಮಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ, ಇನ್ವರ್ಟರ್ ಎಷ್ಟು ಹೊತ್ತು ಎಳೆದೀತು? ಮೊದಲು ಕರೆಂಟಿಲ್ಲದೆಯೂ ಕೆಲಸ ಮಾಡುತ್ತಿದ್ದ ಫೋನನ್ನು ನಾನು ಕಂಪ್ಯೂಟರಿಗೆ ಕಟ್ಟಿಹಾಕಿದ್ದೆ. ಹುಷಾರಿಲ್ಲದವರಿರುವ ಮನೆಯಲ್ಲಿ ಅದು ಸರಿಯಲ್ಲ. 12 ವೋಲ್ಟಿನ, ಎರಡು ಜೋಡಿ ಸಂಪರ್ಕದ ಒಂದು ರಿಲೇ, ಅಂದರೆ ಕರೆಂಟು ಕೊಟ್ಟರೆ ತಾನೇ ಬದಲಾಗುವ ಸ್ವಿಚ್ಚು, ತಂದೆ. ಹೊರಗಿನ ಲೈನು ರಿಲೇಯ ಮಧ್ಯದ ಕಾಲಿಗೆ. ರಿಲೇ ಎಳೆದುಕೊಂಡಿದ್ದಾಗ ಕೂಡುವ ಕಾಲಿನಿಂದ ಕಾರ್ಡಿನ ಕೆಂಪು ಪೋರ್ಟಿಗೆ. ಬಿಟ್ಟಾಗ ಕೂಡುವ ಕಾಲಿನಿಂದ ಜಗುಲಿಯ ಮೂಲೆಯಲ್ಲಿಟ್ಟ ಹಳೆಯ ಕಪ್ಪು ಫೋನಿಗೆ. ರಿಲೇಯ ಸುರುಳಿಗೆ ಕರೆಂಟು ಕಂಪ್ಯೂಟರಿನ ಅದೇ ನಾಲ್ಕು ಪಿನ್ನಿನ ಕನೆಕ್ಟರಿನ ಹಳದಿ ವೈರಿನಿಂದ, ಜೊತೆಗೆ ಒಂದು ಡಯೋಡ್ ಅಡ್ಡಕ್ಕೆ. ಕಂಪ್ಯೂಟರ್ ಬದುಕಿರುವವರೆಗೆ ಲೈನು ಕಾರ್ಡಿಗೆ. ಸತ್ತರೆ ಲೈನು ತಾನಾಗಿ ಕಪ್ಪು ಫೋನಿಗೆ.

ಜುಲೈನಲ್ಲಿ ಎರಡು ದಿನ ಬಿಡದೆ ಗಾಳಿಮಳೆ ಹೊಡೆಯಿತು. ನಾನು ಅಲ್ಲೇ ಇದ್ದೆ. ಮೊದಲ ದಿನವೇ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಎರಡನೇ ರಾತ್ರಿ ಊಟ ಮಾಡುತ್ತಿದ್ದಾಗ ಇನ್ವರ್ಟರ್ ಕೂಗಿ ಕೂಗಿ ನಿಂತಿತು, ಕಂಪ್ಯೂಟರಿನ ಫ್ಯಾನ್ ಸದ್ದು ಅಡಗಿತು, ಕತ್ತಲೆಯಲ್ಲಿ ರಿಲೇ "ಟಕ್" ಎಂದಿತು. ದೊಡ್ಡಮ್ಮ ದೀಪ ಹುಡುಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಜಗುಲಿಯ ಮೂಲೆಯಲ್ಲಿ ಕಪ್ಪು ಫೋನು ಟ್ರಿಣ್ ಟ್ರಿಣ್ ಎಂದಿತು. ಶಿವಮೊಗ್ಗದಿಂದ ಅಕ್ಕ, ಮನೆಯಲ್ಲಿ ಎಲ್ಲ ಹೇಗಿದ್ದೀರಿ ಎಂದು ಕೇಳಲು. ದೊಡ್ಡಪ್ಪ ಕೈ ತೊಳೆಯದೆಯೇ ಎದ್ದು ಹೋಗಿ, ಎಡಗೈಯಲ್ಲಿ ಎತ್ತಿಕೊಂಡು ಮಾತಾಡಿದರು.